ಹೊಸಬರಿಗೆ ಮಾರ್ಗದರ್ಶಿ: ಇಂಗ್ಲೆಂಡಿನಲ್ಲಿ ವಿಲ್ ಬರೆಸುವುದು

ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೆಸರು ಬರೆಸಿದ್ದಾಯಿತು, ಮಕ್ಕಳಿಗೆ ಸ್ಕೂಲ್ ಸಿಕ್ಕಿತು, ತೊಗರಿಬೇಳೆ ಎಲ್ಲಿ ಅಗ್ಗ ಅಂತಲೂ ಗೊತ್ತಾಯಿತು. ಇನ್ನು ಈ ಭಾಗ ಓದಿ. "ಬಂದು ಆರು ತಿಂಗಳಾಗಿಲ್ಲ, ಈಗಲೇ ಸಾಯೋ ಮಾತಾ, ಬಿಡ್ತು ಅನ್ನಿ" ಅಂತೀರಿ, ಗೊತ್ತು. ನಾನೂ ಅಂದಿದ್ದೆ. ನಾವು ಬಂದಿದ್ದು 2009ರಲ್ಲಿ. ವಿಲ್ ಮಾಡಿಸಿದ್ದು 2017ರಲ್ಲಿ, ಅದೂ ತಪ್ಪುತಪ್ಪಾಗಿ. ಸರಿ ಮಾಡಿಸುವ ಹೊತ್ತಿಗೆ 2019. ಗಣೇಶನ ಹಬ್ಬಕ್ಕೆ ಮುನ್ನೂರು ಜನಕ್ಕೆ ಬಿಸಿಬೇಳೆಬಾತ್ ಲೆಕ್ಕ ಹಾಕಿ ಒಂದು ಸೌಟೂ ಹೆಚ್ಚುಕಮ್ಮಿ ಆಗದ ಹಾಗೆ ಮಾಡುವ ಜನ ನಾವು, ಎರಡು ಹಾಳೆ ಕಾಗದದ ವಿಷಯ ಬಂದರೆ ಮಾತ್ರ ಮುಂದಿನ ವರ್ಷ ನೋಡೋಣ ಅಂತೀವಿ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡ್, ನಾರ್ದರ್ನ್ ಐರ್ಲೆಂಡ್ ಕಾನೂನು ಬೇರೆ. ಅಲ್ಲಿರುವವರು ಅಲ್ಲಿಯ ಸಾಲಿಸಿಟರನ್ನೇ, ಅಂದರೆ ಲೈಸೆನ್ಸ್ ಇರುವ ವಕೀಲರನ್ನೇ, ಕೇಳಿ.

ವಿಲ್ ಇಲ್ಲದಿದ್ದರೆ

"ಎಲ್ಲಾ ಹೆಂಡತಿಗೆ ಹೋಗುತ್ತೆ ಬಿಡಿ" ಅನ್ನುವುದು ಮೊದಲ ತಪ್ಪು. ಮಕ್ಕಳಿದ್ದರೆ ಇಲ್ಲಿನ ನಿಯಮ ಹೀಗಿದೆ: ಗಂಡ ಅಥವಾ ಹೆಂಡತಿಗೆ ಮನೆಯ ಸಾಮಾನು, ಮೊದಲ 3,22,000 ಪೌಂಡ್, ಉಳಿದದ್ದರಲ್ಲಿ ಅರ್ಧ. ಇನ್ನರ್ಧ ಮಕ್ಕಳಿಗೆ, ಅದೂ 18 ತುಂಬಿದ ದಿನ ಅವರ ಕೈಗೇ. ಹದಿನೆಂಟರ ಹುಡುಗನ ಕೈಗೆ ಅಷ್ಟು ದುಡ್ಡು ಬಂದರೆ ಏನಾಗುತ್ತದೆ, ನೀವೇ ಯೋಚನೆ ಮಾಡಿ. ವಿಲ್ ಇದ್ದರೆ 21 ಅಥವಾ 25 ಅಂತ ಬರೆಸಬಹುದು.

ಎರಡನೇ ತಪ್ಪು ಅಮ್ಮನ ವಿಷಯ. ನಮ್ಮ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತೀರಿಕೊಂಡ ಮಗನ ಆಸ್ತಿಯಲ್ಲಿ ತಾಯಿಗೂ ಹೆಂಡತಿ, ಮಕ್ಕಳ ಜೊತೆ ಸಮಪಾಲು. ಇಲ್ಲಿ ಹೆಂಡತಿ ಇದ್ದರೆ ತಾಯಿಗೆ ಒಂದು ಪೆನ್ನಿಯೂ ಇಲ್ಲ. ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುವವರು ಇದನ್ನು ಇನ್ನೊಂದು ಸಲ ಓದಿ. ಹೊಸದಾಗಿ ಬಂದವರಿಗೆ ಒಂದು ತೊಡಕೂ ಇದೆ. ಇಲ್ಲಿ ಮನೆ ತೆಗೆದುಕೊಂಡರೆ ಅದಕ್ಕೆ ಇಲ್ಲಿನ ಕಾನೂನೇ. ಬ್ಯಾಂಕಿನ ದುಡ್ಡು, ಷೇರಿಗೆ ಮಾತ್ರ ನಿಮ್ಮ "ಡೊಮಿಸೈಲ್" (ಕಾನೂನಿನ ಕಣ್ಣಲ್ಲಿ ನಿಮ್ಮ ಕಾಯಂ ನೆಲೆ) ಯಾವ ದೇಶದ್ದು ಅನ್ನುವುದರ ಮೇಲೆ. ವೀಸಾದ ಮೇಲೆ ನಾಲ್ಕು ವರ್ಷಕ್ಕೆ ಅಂತ ಬಂದವರಿಗೆ ಅದು ಇನ್ನೂ ಭಾರತದ್ದೇ ಇರಬಹುದು. ಈ ಜಗಳವನ್ನು ನಿಮ್ಮ ಹೆಂಡತಿ ಒಬ್ಬಳೇ ಕೂತು ಬಿಡಿಸುವ ಹಾಗೆ ಮಾಡಬೇಡಿ.

ಮದುವೆಯಾಗದೆ ಜೊತೆಗಿರುವ ಹುಡುಗ ಹುಡುಗಿಯರೇ, ವಿಲ್ ಇಲ್ಲದಿದ್ದರೆ ಈ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ. ಎಷ್ಟು ವರ್ಷ ಒಟ್ಟಿಗಿದ್ದರೂ ಇಲ್ಲ.

ಮಕ್ಕಳು ಯಾರ ಮನೆಗೆ

ಊರಲ್ಲಾದರೆ ಈ ಪ್ರಶ್ನೆಯೇ ಬರುವುದಿಲ್ಲ, ಪಕ್ಕದ ಬೀದಿಯಲ್ಲಿ ಅಜ್ಜಿ, ಇಲ್ಲವೇ ಚಿಕ್ಕಮ್ಮ ಇರುತ್ತಾರೆ. ಇಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಒಟ್ಟಿಗೆ ಏನಾದರೂ ಆದರೆ ಅಜ್ಜಿಗೆ ವೀಸಾ ಸಿಗುವವರೆಗೆ ಮಕ್ಕಳು ಕಾಯಬೇಕು. ಗಾರ್ಡಿಯನ್ ಯಾರು ಅಂತ ಬರೆದಿಟ್ಟಿಲ್ಲದಿದ್ದರೆ ಅಷ್ಟರಲ್ಲಿ ಕೌನ್ಸಿಲ್‌ನ ಸೋಷಿಯಲ್ ಸರ್ವಿಸಸ್‌ನವರು ಬರುತ್ತಾರೆ, ಕೋರ್ಟು ಬರುತ್ತದೆ. 1989ರ ಚಿಲ್ಡ್ರನ್ ಆ್ಯಕ್ಟ್ ಪ್ರಕಾರ ತಂದೆತಾಯಿ ಬರವಣಿಗೆಯಲ್ಲಿ ಗಾರ್ಡಿಯನ್ ನೇಮಿಸಬಹುದು. ವಿಲ್‌ನಲ್ಲೇ ಸೇರಿಸಿದರೆ ಒಳ್ಳೆಯದು.

ನಾವು ಮಾಡಿದ್ದು ಇಷ್ಟು: ಊರಲ್ಲಿರುವ ನನ್ನ ತಂಗಿ ಕೊನೆಗೆ ನೋಡಿಕೊಳ್ಳುವವಳು, ಅವಳು ಬರುವವರೆಗೆ ಇಲ್ಲೇ ನಾಲ್ಕು ಮೈಲಿ ದೂರದಲ್ಲಿರುವ ಸ್ನೇಹಿತರು. ಅವರನ್ನು ಮೊದಲು ಕೇಳಿ! ಕೇಳದೆ ಬರೆದವರೂ ನಮ್ಮಲ್ಲಿದ್ದಾರೆ. ಸುಮ್ನೆ ಹೆಸರು ಬರೆದು, ಅವರಿಗೆ ಗೊತ್ತೇ ಇಲ್ಲ.

ಸಾಲಿಸಿಟರ್ ಹುಡುಕುವುದು

ಈ ದೇಶದಲ್ಲಿ ಬೇರೆಯವರ ವಿಲ್ ಬರೆದುಕೊಡಲು ಲಾಯರ್ ಆಗಿರಬೇಕು ಅಂತಿಲ್ಲ. ನಾಳೆ ನಾನೂ ಬೋರ್ಡು ಹಾಕಬಹುದು. 2017ರಲ್ಲಿ ನಮ್ಮ ಮನೆಗೆ ಬಂದವನೂ ಅಂಥವನೇ, ಕೋಟು, ಟೈ, ಲ್ಯಾಪ್‌ಟಾಪ್, ಒಳ್ಳೇ ಮಾತು. ಸಾಲಿಸಿಟರಾ ಅಂತ ನಾವು ಕೇಳಲೇ ಇಲ್ಲ, ಊರಲ್ಲಿ ಕರಿಕೋಟು ಕಂಡರೆ ವಕೀಲರು ಅಂದುಕೊಳ್ಳುವ ಅಭ್ಯಾಸ. ಟೈಪ್ ಮಾಡಿದ ವಿಲ್ ಪೋಸ್ಟಿನಲ್ಲಿ ಬಂತು, ಸಹಿ ಹಾಕಿ ಇಟ್ಟುಕೊಳ್ಳಿ ಅಂತ ಒಂದು ಚೀಟಿ ಜೊತೆಗೆ. ಎರಡು ವರ್ಷದ ಮೇಲೆ ಫೋನ್ ಮಾಡಿದರೆ ನಂಬರೇ ಇಲ್ಲ.

ಸಾಲಿಸಿಟರ್‌ಗಳ ಮೇಲೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ ಇದೆ, ಅವರಿಗೆ ಇನ್ಶೂರೆನ್ಸ್ ಇರಲೇಬೇಕು, ತಪ್ಪಾದರೆ ದೂರು ಕೊಡಲು ಜಾಗ ಇದೆ. ಲಾ ಸೊಸೈಟಿಯ ವೆಬ್‌ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿ ಹುಡುಕಿ. ಕೇಳಬೇಕಾದ್ದು:

– ಫಿಕ್ಸೆಡ್ ಫೀ ಎಷ್ಟು, ಶೇ. 20 ವ್ಯಾಟ್ ಸೇರಿಸಿಯೋ ಬಿಟ್ಟೋ
– ಭಾರತದಲ್ಲಿ ಆಸ್ತಿ ಇರುವವರ ವಿಲ್ ಮಾಡಿದ್ದೀರಾ
– ಸಹಿ ನಿಮ್ಮ ಆಫೀಸಿನಲ್ಲೇ ಹಾಕಬಹುದಾ
– ಮೂಲ ಪ್ರತಿ ಇಟ್ಟುಕೊಳ್ಳಲು ದುಡ್ಡು ಕೇಳುತ್ತೀರಾ

ಮೊದಲ ಭೇಟಿಗೆ

– ಪಾಸ್‌ಪೋರ್ಟ್, ವಿಳಾಸಕ್ಕೆ ಒಂದು ಬಿಲ್ಲು
– ಇಲ್ಲಿನ ಬ್ಯಾಂಕ್, ಐಸಾ (ತೆರಿಗೆ ಇಲ್ಲದ ಉಳಿತಾಯ ಖಾತೆ), ಪೆನ್ಷನ್, ಮನೆ ಸಾಲ
– ಊರಿನದು: ಎನ್‌ಆರ್‌ಇ, ಎನ್‌ಆರ್‌ಒ ಖಾತೆ, ಎಫ್‌ಡಿ, ಎಲ್‌ಐಸಿ, ಸೈಟು, ಜಮೀನು, ಲಾಕರ್
– ಎಕ್ಸಿಕ್ಯೂಟರ್ ಆಗಿ, ಅಂದರೆ ನೀವು ಹೋದ ಮೇಲೆ ವಿಲ್ ಪ್ರಕಾರ ಎಲ್ಲ ನಡೆಸುವವರಾಗಿ, ಇಬ್ಬರ ಹೆಸರು (ಒಬ್ಬರಾದರೂ ಇಲ್ಲಿರುವವರು)
– ಯಾರಿಗೆ ಏನು, ಕನ್ನಡದಲ್ಲಾದರೂ ಸರಿ, ಬರೆದುಕೊಂಡು ಹೋಗಿ

ಗಂಡನೇ ಇಬ್ಬರ ಪರವಾಗಿ ಮಾತಾಡುವುದು ಬೇಡ. ಅಪ್ಪ ಅಮ್ಮನ ವಿಲ್ ಆದರೆ ಮಗನನ್ನು ಹೊರಗೆ ಕೂರಿಸುತ್ತಾರೆ, ಅದು ಅವಮಾನ ಅಲ್ಲ. ಯಾರ ಒತ್ತಾಯವೂ ಇಲ್ಲದೆ ಹೇಳಿದರು ಅನ್ನುವುದಕ್ಕೆ ನಾಳೆ ಅದೇ ಸಾಕ್ಷಿ.

ನಿಮ್ಮ ಹೆಸರು

ನಗಬೇಡಿ, ಇದು ದೊಡ್ಡ ವಿಷಯ. ನಮ್ಮಲ್ಲಿ ಸರ್‌ನೇಮ್ ಎಲ್ಲಿದೆ? ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅವು ಬಿಡಿಸಿ ಊರು ಮತ್ತು ಅಪ್ಪನ ಹೆಸರು, ಇಲ್ಲಿನ ಬ್ಯಾಂಕಿನಲ್ಲಿ ಅಪ್ಪನ ಹೆಸರೇ ನಿಮ್ಮ ಹೆಸರು, ಪಹಣಿಯಲ್ಲಿ "ಬಿನ್" ಅಂತ ಇನ್ನೊಂದು. ನನ್ನ ಗಂಡನಿಗೆ ಒಟ್ಟು ನಾಲ್ಕು ಹೆಸರು ಸಿಕ್ಕವು. ನಾಲ್ಕನ್ನೂ ಸಾಲಿಸಿಟರ್‌ಗೆ ಕೊಡಿ, "ಇವರನ್ನು ಈ ಹೆಸರಿನಿಂದಲೂ ಕರೆಯುತ್ತಾರೆ" ಅಂತ ಸೇರಿಸುತ್ತಾರೆ. ಮಕ್ಕಳದೂ, ಊರಿನ ತಂಗಿಯದೂ ಹಾಗೇ. "ನನ್ನ ಅಣ್ಣ" ಅಂತ ಬರೆಸಬೇಡಿ. ನಮಗೆ ದೊಡ್ಡಪ್ಪನ ಮಗನೂ ಅಣ್ಣ, ಅವರಿಗಲ್ಲ.

ಸಹಿ ಹಾಕುವುದು

ಇದನ್ನು ಮಾತ್ರ ಪೂರ್ತಿ ಓದಿ. 1837ರ ವಿಲ್ಸ್ ಆ್ಯಕ್ಟ್ ಇವತ್ತಿಗೂ ನಡೆಯುತ್ತಿದೆ. ನೀವು ಸಹಿ ಹಾಕುವಾಗ ಇಬ್ಬರು ಸಾಕ್ಷಿಗಳು ಒಟ್ಟಿಗೆ, ಒಂದೇ ಹೊತ್ತಿಗೆ ಅಲ್ಲಿರಬೇಕು, ಆಮೇಲೆ ಅವರು ನಿಮ್ಮ ಎದುರು ಸಹಿ ಹಾಕಬೇಕು. ಸಾಕ್ಷಿಗೆ, ಸಾಕ್ಷಿಯ ಗಂಡ ಅಥವಾ ಹೆಂಡತಿಗೆ ವಿಲ್‌ನಲ್ಲಿ ಏನಾದರೂ ಬರೆದಿದ್ದರೆ ವಿಲ್ ಉಳಿಯುತ್ತದೆ, ಆ ಕೊಡುಗೆ ಹೋಗುತ್ತದೆ.

ನಮ್ಮದು ಯುಗಾದಿ ಊಟದ ದಿನ ಆಯಿತು. ಹೋಳಿಗೆ ಊಟ ಮುಗಿದಿತ್ತು, ಟೇಬಲ್ ಒರೆಸಿ ಎರಡೂ ವಿಲ್ ಹರಡಿದೆವು. ಸ್ನೇಹಿತೆ ಮತ್ತು ಅವಳ ಗಂಡ ಸಾಕ್ಷಿ. ನನ್ನ ವಿಲ್‌ಗೆ ಇಬ್ಬರೂ ನಿಂತು ಸಹಿ ಹಾಕಿದರು. ಅದರಲ್ಲಿ ಆ ಸ್ನೇಹಿತೆಗೇ ಒಂದು ಜೊತೆ ಬಳೆ ಅಂತ ಬರೆಸಿದ್ದೆ! ಪ್ರೀತಿಯಿಂದ ಬರೆಸಿದ್ದು, ಅವಳು ಸಹಿ ಹಾಕಿದ ಕ್ಷಣ ಬಳೆ ಹೋಯಿತು. ಆಮೇಲೆ ಅವಳು ಉಳಿದ ಹೋಳಿಗೆ ಡಬ್ಬಿಗೆ ಹಾಕಲು ಒಳಗೆ ಹೋದಳು. ನನ್ನ ಗಂಡ ಅವಳ ಗಂಡನ ಎದುರು ಸಹಿ ಹಾಕಿದರು, ಅವರೂ ಹಾಕಿದರು, ಮಗು ಅಳುತ್ತಿತ್ತು ಅಂತ ಕಾರ್‌ಸೀಟಿಗೆ ಕೂರಿಸಲು ಹೊರಗೆ ಹೋದರು. ಇವಳು ತುಪ್ಪದ ಕೈ ಒರೆಸಿಕೊಂಡು ಬಂದಳು. "ಇದು ನನ್ನ ಸಹಿ" ಅಂತ ನನ್ನ ಗಂಡ ತೋರಿಸಿದರು, ಇವಳು ಹಾಕಿದಳು. ಹಾಳೆಯ ಮೂಲೆಯಲ್ಲಿ ತುಪ್ಪದ ಬೆರಳಿನ ಕಲೆ ಇನ್ನೂ ಇದೆ.

2019ರಲ್ಲಿ ನಿಜವಾದ ಸಾಲಿಸಿಟರ್ ಮೊದಲು ಕೇಳಿದ್ದೇ, ಯಾರು ಎಲ್ಲಿ ನಿಂತಿದ್ದರು ಅಂತ. ನಾವು ಅಷ್ಟೂ ಕಥೆ ಹೇಳಿದೆವು, ನಗುತ್ತಾ. ಆಕೆ ನಗಲಿಲ್ಲ, ಪೆನ್ನು ಕೆಳಗಿಟ್ಟರು. ನನ್ನ ಗಂಡನ ವಿಲ್ ನಿಲ್ಲುವುದಿಲ್ಲ ಅಂದರು.

ಊರಲ್ಲಿ ಹೀಗಿಲ್ಲ, ಅದಕ್ಕೇ ನಮ್ಮವರು ಎಡವುವುದು. 1925ರ ಇಂಡಿಯನ್ ಸಕ್ಸೆಷನ್ ಆ್ಯಕ್ಟ್‌ನಲ್ಲೂ ಇಬ್ಬರು ಸಾಕ್ಷಿ ಬೇಕು, ಆದರೆ ಇಬ್ಬರೂ ಒಟ್ಟಿಗೇ ಇರಬೇಕಿಲ್ಲ. ಮದುವೆಯಾದರೆ ಹಳೇ ವಿಲ್ ರದ್ದಾಗುವುದೂ ಅಲ್ಲಿ ಹಿಂದೂಗಳಿಗಿಲ್ಲ, ಇಲ್ಲಿದೆ. ಇಲ್ಲೇ ನೆಲೆ ನಿಂತ ಮದುವೆಯಾಗದ ಮಕ್ಕಳಿಗೆ ಹೇಳಿ. ಇನ್ನು "ರಿಜಿಸ್ಟರ್ ಎಲ್ಲಿ ಮಾಡಿಸೋದು" ಅಂತ ಕೇಳಬೇಡಿ, ಇಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸೂ ಇಲ್ಲ, ಹೆಬ್ಬೆಟ್ಟೂ ಇಲ್ಲ.

ಊರಿನ ಆಸ್ತಿ

ನನ್ನ ಗಂಡ ಹೊರಡುವ ಮುಂಚೆ 2008ರಲ್ಲಿ ಮೈಸೂರಿನಲ್ಲಿ ಒಂದು ವಿಲ್ ರಿಜಿಸ್ಟರ್ ಮಾಡಿಸಿದ್ದರು: ಅವರ ಹೆಸರಿನ ಸೈಟು ಅತ್ತೆಗೆ ಅಂತ. 2017ರ ವಿಲ್‌ನ ಮೊದಲ ಸಾಲೇ, "ಈ ಹಿಂದೆ ಮಾಡಿದ ಎಲ್ಲಾ ವಿಲ್‌ಗಳನ್ನು ರದ್ದು ಮಾಡಿದ್ದೇನೆ". ಎಲ್ಲಾ ಅಂದರೆ ಎಲ್ಲಾ. ಮೈಸೂರಿನದೂ ಸೇರಿ. ಬರೆದವನು ಕೇಳಲಿಲ್ಲ, ನಾವು ಹೇಳಲಿಲ್ಲ. ಹೇಗೂ ನಿಲ್ಲದ ವಿಲ್ ಅಲ್ವಾ, ಬಚಾವಾದೆವು ಅಂದುಕೊಂಡೆವು. ಮೈಸೂರಿನ ವಕೀಲರು ಫೋನಿನಲ್ಲಿ ಹೇಳಿದರು: "ಸೈಟಿಗೆ ನಡೆಯುವುದು ಇಲ್ಲಿಯ ಕಾನೂನಮ್ಮ, ಇಲ್ಲಿ ಸಾಕ್ಷಿಗಳು ಒಟ್ಟಿಗಿರಬೇಕಾಗಿಲ್ಲ, ಅಲ್ಲಿ ನಿಲ್ಲದ ಕಾಗದ ಇಲ್ಲಿ ನಿಂತರೂ ನಿಲ್ಲಬಹುದು." ಅಂದರೆ ಇಂಗ್ಲೆಂಡಿನ ಮನೆಗೆ ಕೆಲಸಕ್ಕೆ ಬಾರದ ಹಾಳೆ, ಅತ್ತೆಯ ಸೈಟು ಕಿತ್ತುಕೊಳ್ಳಲು ಮಾತ್ರ ಸಾಕಾಗಿತ್ತು. ಅತ್ತೆಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಈಗ ಎರಡು ವಿಲ್ ಇವೆ. ಇಲ್ಲಿನದರಲ್ಲಿ "ಇದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಆಸ್ತಿಗೆ ಮಾತ್ರ, ಭಾರತದ ವಿಲ್ ಅನ್ನು ರದ್ದು ಮಾಡುವುದಿಲ್ಲ" ಅಂತಿದೆ. ಅಲ್ಲಿನದರಲ್ಲೂ ಹಾಗೇ ತಿರುಗಿಸಿ ಬರೆಸಿದ್ದೇವೆ. ಎರಡರ ಪ್ರತಿಯೂ ಇಬ್ಬರು ವಕೀಲರ ಹತ್ತಿರ ಇದೆ. ಊರಿಗೆ ಹೋದಾಗ ಹೊಸ ವಿಲ್ ಮಾಡಿಸುವವರೂ ಇದೇ ಸಾಲು ಕೇಳಿ ಹಾಕಿಸಿ, ಅಲ್ಲಿಯ ಡೀಡ್ ರೈಟರ್ ಅಭ್ಯಾಸಬಲದಲ್ಲಿ "ಹಿಂದಿನವೆಲ್ಲ ರದ್ದು" ಅಂತ ಹೊಡೆದುಬಿಡುತ್ತಾರೆ. ಪಿತ್ರಾರ್ಜಿತ ಜಮೀನಾದರೆ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು, ಪೂರ್ತಿ ಅಲ್ಲ. ಅಕ್ಕತಂಗಿಯರ ಪಾಲೂ ಅದರಲ್ಲಿದೆ, ಮರೆತ ಹಾಗೆ ಮಾಡಬೇಡಿ.

ತೆರಿಗೆ

ಊರಲ್ಲಿ ಎಸ್ಟೇಟ್ ಡ್ಯೂಟಿ (ಸತ್ತವರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ಹೋಯಿತು, ಅದಕ್ಕೆ ನಮ್ಮ ತಲೆಗೇ ಬರುವುದಿಲ್ಲ. ಇಲ್ಲಿ 3,25,000 ಪೌಂಡ್ ದಾಟಿದ್ದರ ಮೇಲೆ ಶೇ. 40. ಮನೆ ಮಕ್ಕಳಿಗೆ ಹೋದರೆ ಸಾಮಾನ್ಯವಾಗಿ ಇನ್ನೂ 1,75,000ದವರೆಗೆ ವಿನಾಯಿತಿ. ಗಂಡ ಹೆಂಡತಿ ನಡುವೆ ಸಾಧಾರಣವಾಗಿ ತೆರಿಗೆ ಇಲ್ಲ. 2025ರ ಏಪ್ರಿಲ್ 6ರಿಂದ ನಿಯಮ ಬದಲಾಗಿದೆ: ಹಿಂದಿನ 20 ವರ್ಷದಲ್ಲಿ 10 ವರ್ಷ ಇಲ್ಲಿದ್ದವರಿಗೆ ಹೊರದೇಶದ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಈ ತೆರಿಗೆಯ ಬಗ್ಗೆ ಭಾರತದ ಜೊತೆ 1956ರ ಹಳೇ ಒಪ್ಪಂದ ಒಂದಿದೆ, ಸಾಲಿಸಿಟರ್‌ಗೆ ನೆನಪಿಸಿ.

ವಿಲ್‌ಗೆ ಸೇರದವು

– ಪೆನ್ಷನ್ ಮತ್ತು ಆಫೀಸಿನ ಡೆತ್ ಇನ್ ಸರ್ವಿಸ್ (ಕೆಲಸದಲ್ಲಿರುವಾಗ ತೀರಿಕೊಂಡರೆ ಬರುವ ದುಡ್ಡು): ಸಾಮಾನ್ಯವಾಗಿ ಬೇರೆ ಫಾರಂ. ಮದುವೆಗೆ ಮುಂಚೆ ತುಂಬಿದ ಅಣ್ಣನ ಹೆಸರು ಇನ್ನೂ ಇದೆಯಾ ನೋಡಿ
– ಮನೆ "ಜಾಯಿಂಟ್ ಟೆನೆಂಟ್ಸ್" (ಇಬ್ಬರದೂ ಒಟ್ಟಿಗೆ, ಬೇರೆ ಪಾಲಿಲ್ಲ) ಆಗಿದ್ದರೆ ನೇರ ಉಳಿದವರಿಗೆ, "ಟೆನೆಂಟ್ಸ್ ಇನ್ ಕಾಮನ್" (ಒಬ್ಬೊಬ್ಬರದೂ ಬೇರೆ ಪಾಲು) ಆದರೆ ನಿಮ್ಮ ಪಾಲು ವಿಲ್ ಪ್ರಕಾರ
– ಅಸ್ಥಿ ಶ್ರೀರಂಗಪಟ್ಟಣಕ್ಕೋ ಇಲ್ಲಿಗೋ: ಬರೆದಿಡಬಹುದು, ಆದರೆ ಕೊನೆಗೆ ತೀರ್ಮಾನ ಎಕ್ಸಿಕ್ಯೂಟರ್‌ದು. ಬಾಯಲ್ಲೂ ಹೇಳಿಡಿ

ಎಲ್ಲಿಡುವುದು

ಮೂಲ ಪ್ರತಿ ಸಾಲಿಸಿಟರ್ ಹತ್ತಿರ ಬಿಡಿ, ಝೆರಾಕ್ಸ್ ಮನೆಯಲ್ಲಿ. ಬ್ಯಾಂಕ್ ಲಾಕರ್ ಬೇಡ, ನೀವು ಹೋದ ಮೇಲೆ ಅದನ್ನು ತೆಗೆಯಲು ವಿಲ್ಲೇ ಬೇಕು ಅಂದರೆ ವಿಲ್ ಒಳಗಿರುತ್ತದೆ. ಎಕ್ಸಿಕ್ಯೂಟರ್‌ಗೆ ಸಾಲಿಸಿಟರ್ ವಿಳಾಸ ಕೊಡಿ. ಮೂಲ ಪ್ರತಿ ಮನೆಯಲ್ಲೇ ಇಟ್ಟುಕೊಳ್ಳುವವರು ಸ್ಟೇಪಲ್ ಬಿಚ್ಚಿ ಸ್ಕ್ಯಾನ್ ಮಾಡಬೇಡಿ, ಪೇಪರ್‌ಕ್ಲಿಪ್ ಹಾಕಬೇಡಿ. ತೂತಿನ ಗುರುತು ಕಂಡರೆ ಇದಕ್ಕೆ ಅಂಟಿದ್ದ ಇನ್ನೊಂದು ಹಾಳೆ ಎಲ್ಲಿ ಅಂತ ಪ್ರೊಬೇಟ್ ಆಫೀಸಿನವರು (ವಿಲ್ ನೋಡಿ ಮಂಜೂರು ಮಾಡುವವರು) ಕೇಳುತ್ತಾರೆ. ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದವರು ಒಬ್ಬರಿದ್ದಾರೆ ನಮ್ಮಲ್ಲಿ, ಅವರು ಹೊಸದಾಗಿ ಪ್ರಿಂಟ್ ತೆಗೆಸಿ ಮತ್ತೆ ಸಹಿ ಹಾಕಿದರು.