ತಿರುಗುವ ಮುಂಚಿನ ಆ ಒಂದು ಎಡ್ಜ್

ಟೊರೊಂಟೊಗೆ ಬಂದು ನೆಲೆಸಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ನಾನು ಫಿಗರ್ ಸ್ಕೇಟಿಂಗ್ ಕಲಿಯಲು ಶುರುಮಾಡಿದೆ. ಜಂಪ್‌ಗಳ ಆಸೆ ಇರಲಿಲ್ಲ, ನನಗೆ ಬೇಕಿದ್ದದ್ದು ಸ್ಪಿನ್, ಅಂದರೆ ಐಸಿನ ಮೇಲೆ ಒಂದೇ ಜಾಗದಲ್ಲಿ ಗಿರ್ರನೆ ತಿರುಗುವುದು. ಹೆಸರುಗಳ ಪಟ್ಟಿ ನೋಡಿದರೆ ತಲೆ ಸುತ್ತುತ್ತದೆ, ಆದರೆ ಮೂಲ ಭಂಗಿಗಳು ಮೂರೇ. ನಿಂತು ತಿರುಗಿದರೆ ಅಪ್‌ರೈಟ್, ಕುಕ್ಕರಿಸಿ ಒಂದು ಕಾಲು ಮುಂದೆ ಚಾಚಿದರೆ ಸಿಟ್, ಕಾಲನ್ನು ಹಿಂದಕ್ಕೆ ಎತ್ತಿ ಮೈಯನ್ನು ಅಡ್ಡಲಾಗಿ ಹಿಡಿದರೆ ಕ್ಯಾಮೆಲ್. ಡೋನಟ್, ಲೇಬ್ಯಾಕ್, ಪ್ಯಾನ್‌ಕೇಕ್ ಎಲ್ಲವೂ ಇವುಗಳ ಕವಲುಗಳೇ.

ಎಲ್ಲಕ್ಕೂ ಮೊದಲು ನಾನು ಪಳಗಿಸಿಕೊಂಡದ್ದು ಸ್ಪಿನ್ನನ್ನಲ್ಲ, ಅದರ ಪ್ರವೇಶವನ್ನು. ಸ್ಕೇಟಿನ ಬ್ಲೇಡಿಗೆ ಒಳಗೊಂದು, ಹೊರಗೊಂದು ಅಂಚು, ಅವೇ ಇನ್‌ಸೈಡ್ ಮತ್ತು ಔಟ್‌ಸೈಡ್ ಎಡ್ಜ್; ಹಿಂದಕ್ಕೆ ಜಾರಿದರೆ ಬ್ಯಾಕ್, ಮುಂದಕ್ಕಾದರೆ ಫಾರ್ವರ್ಡ್. ಬಲಗಾಲಿನ ಬ್ಯಾಕ್ ಇನ್‌ಸೈಡ್ ಎಡ್ಜ್ ಮೇಲೆ ಕಾದು, ವೃತ್ತದ ಒಳಕ್ಕೆ ಎಡಗಾಲಿಟ್ಟು, ಫಾರ್ವರ್ಡ್ ಔಟ್‌ಸೈಡ್ ಎಡ್ಜ್ ಮೇಲೆ ಮಂಡಿ ಬಗ್ಗಿಸಿ ಜಾರಬೇಕು. ಆ ವಕ್ರರೇಖೆ ತಾನಾಗಿಯೇ ಬಿಗಿಯಾಗುತ್ತಾ ಬಂದು ಪುಟ್ಟ ತ್ರೀ ಟರ್ನ್ (ಒಂದೇ ಕಾಲಿನ ಮೇಲೆ ಹೊರಳುವ, 3ರ ಆಕಾರದ ತಿರುವು) ಆಗುತ್ತದೆ, ಬ್ಲೇಡು ಬ್ಯಾಕ್ ಇನ್‌ಸೈಡ್‌ಗೆ ಹೊರಳುತ್ತದೆ. ಅಲ್ಲಿಯವರೆಗೂ ಬಲಗಾಲು ಹಿಂದೆಯೇ ಉಳಿಯಬೇಕು. ಅವಸರಪಟ್ಟು ಅದನ್ನು ಮುಂದೆ ಬೀಸಿದರೆ ಸ್ಪಿನ್ ಕೇಂದ್ರ ಬಿಟ್ಟು ಅಲೆಯುತ್ತದೆ. ಹಾಗಾಗಿ ಬಹಳ ಕಾಲ ನಾನು ತಿರುಗಲೇ ಇಲ್ಲ. ಆ ಎಡ್ಜ್ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು, ಅಷ್ಟೇ ಅಭ್ಯಾಸ.

ಇದಕ್ಕೆ ಒಳ್ಳೆಯ ಪರೀಕ್ಷಕ ಐಸೇ. ಸ್ಪಿನ್ ಮುಗಿದೊಡನೆ ಬಗ್ಗಿ ಗೀಟುಗಳನ್ನು ನೋಡುತ್ತೇನೆ. ಒಂದರ ಮೇಲೊಂದು ಕೂತ ಸಣ್ಣ ಸುರುಳಿಗಳಿದ್ದರೆ ಸರಿ. ಸುರುಳಿಗಳು ಸರಪಳಿಯಂತೆ ಉದ್ದಕ್ಕೆ ಸಾಗಿದ್ದರೆ ಪ್ರವೇಶಕ್ಕೆ ವಾಪಸ್. ಭಾರ ಇರಬೇಕಾದ್ದು ಪಾದದಡಿ ಬೆರಳುಗಳ ಬುಡದ ಉಬ್ಬಿನ ಮೇಲೆ, ಟೋ ಪಿಕ್‌ನ (ಬ್ಲೇಡಿನ ಮುಂತುದಿಯ ಹಲ್ಲುಗಳ) ಸ್ವಲ್ಪ ಹಿಂದೆ. ಕೈಕಾಲುಗಳನ್ನು ಮೈಗೆ ಎಳೆದುಕೊಂಡಂತೆ ವೇಗ ಏರುತ್ತದೆ. ನಿಂತು ವೇಗವಾಗಿ ತಿರುಗುವ ಸ್ಕ್ರ್ಯಾಚ್ ಸ್ಪಿನ್ನಿನಲ್ಲಿ ಕೆಳಗಿನ ಹಲ್ಲು ಐಸನ್ನು ಸವರುವ ಆ ಸದ್ದು ನನಗೆ ತುಂಬಾ ಇಷ್ಟ.

ಸಿಟ್ ಸ್ಪಿನ್ 19ನೇ ಶತಮಾನದ ಅಮೆರಿಕನ್ ಸ್ಕೇಟರ್ ಜಾಕ್ಸನ್ ಹೇನ್ಸ್ ಕೊಟ್ಟದ್ದು. ನಿಯಮದ ಪ್ರಕಾರ ನಿಂತ ಕಾಲಿನ ತೊಡೆ ಕನಿಷ್ಠ ಐಸಿಗೆ ಸಮಾನಾಂತರವಾಗುವಷ್ಟು ಇಳಿಯಬೇಕು. ನಾನು ಮನೆಯಲ್ಲಿ ಕುರ್ಚಿ ಹಿಡಿದು ಒಂಟಿಕಾಲಿನಲ್ಲಿ ಕೂತೇಳುತ್ತಾ ತೊಡೆ ಗಟ್ಟಿಮಾಡಿಕೊಂಡೆ. ರಿಂಕ್‌ನಲ್ಲಿ ಮೊದಲು ನಿಂತೇ ಕೇಂದ್ರ ಹಿಡಿದು, ಆಮೇಲೆ ಕೈಗಳನ್ನು ಮುಂದೆ ಚಾಚಿ ನಿಧಾನಕ್ಕೆ ಇಳಿದೆ.

ಕ್ಯಾಮೆಲ್‌ನಲ್ಲಿ ಎತ್ತಿದ ಕಾಲಿನ ಮಂಡಿ ಸೊಂಟಕ್ಕಿಂತ ಮೇಲಿರಬೇಕು, ತಲೆ ಬಾಗಬಾರದು. 1930ರ ದಶಕದಲ್ಲಿ ಬ್ರಿಟನ್ನಿನ ಸಿಸಿಲಿಯಾ ಕೊಲೆಜ್ ಇದನ್ನು ಮಾಡಿ ತೋರಿಸಿದರು. ಜಿಗಿದು ಅದರೊಳಗೆ ಇಳಿಯುವ ಫ್ಲೈಯಿಂಗ್ ಕ್ಯಾಮೆಲ್ ಅಮೆರಿಕನ್ ಸ್ಕೇಟರ್ ಡಿಕ್ ಬಟನ್ ಅವರದು. ಹಿಂದಿನಿಂದ ಬ್ಲೇಡನ್ನು ತಲೆಯ ಮೇಲಕ್ಕೆ ಎಳೆಯುವ ಬೀಲ್ಮನ್‌ಗೆ 1981ರ ವಿಶ್ವ ಚಾಂಪಿಯನ್, ಸ್ವಿಟ್ಜರ್ಲೆಂಡಿನ ಡೆನಿಸ್ ಬೀಲ್ಮನ್ ಹೆಸರಿದೆ, ಆದರೆ ಅದನ್ನು ಮೊದಲು ಮಾಡಿದವರು ಅವರಲ್ಲ. ನನ್ನ ವಯಸ್ಸಿನ ಬೆನ್ನಿಗೆ ಅದು ಬೇಡವೆಂದು ನಿರ್ಧರಿಸಿದ್ದೇನೆ.

ತಲೆಸುತ್ತಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬ್ಯಾಲೆಯವರಂತೆ ಪ್ರತಿ ಸುತ್ತಿಗೂ ತಲೆ ತಿರುಗಿಸಿ ಒಂದೇ ಕಡೆ ನೋಡಲು ಈ ವೇಗದಲ್ಲಿ ಆಗದು. ನೋಟವನ್ನು ಎಲ್ಲೂ ನೆಡದೆ ಸಡಿಲ ಬಿಡುತ್ತೇನೆ. ಬಲಗಾಲಿನ ಬ್ಯಾಕ್ ಔಟ್‌ಸೈಡ್ ಎಡ್ಜ್ ಮೇಲೆ ಹೊರಬಂದ ಕೂಡಲೇ ಎದುರಿನ ಗೋಡೆಯ ಒಂದು ಗುರುತಿಗೆ ಕಣ್ಣು ನಿಲ್ಲಿಸುತ್ತೇನೆ. ದೇಹ ನಿಧಾನವಾಗಿ ಒಗ್ಗಿಕೊಳ್ಳುತ್ತದೆ.

ಈಗ ಬ್ಯಾಕ್ ಸ್ಪಿನ್ ಹಿಡಿದಿದ್ದೇನೆ. ಬಲಗಾಲಿನ ಬ್ಯಾಕ್ ಔಟ್‌ಸೈಡ್ ಎಡ್ಜ್ ಮೇಲೆಯೇ ತಿರುಗಬೇಕಾದ ಸ್ಪಿನ್ ಇದು. ಆಕ್ಸೆಲ್ (ಮುಂದಕ್ಕೆ ಜಾರುತ್ತಾ ಜಿಗಿಯುವ ಜಂಪ್) ಮತ್ತು ಎರಡು ಸುತ್ತಿನ ಡಬಲ್ ಜಂಪ್‌ಗಳು ಗಾಳಿಯಲ್ಲಿ ತಿರುಗುವುದೂ ಇದೇ ಭಂಗಿಯಲ್ಲಿ. ಬೇಡವೆಂದಿದ್ದ ಜಂಪ್‌ಗಳ ಮೇಲೂ ಈಗೀಗ ಮನಸ್ಸಾಗುತ್ತಿದೆ.