ಅಪ್ಪ ತೀರಿಕೊಂಡ ವರ್ಷ ರೊಕ್ಕದ ವ್ಯವಹಾರ ನಾ ಹೆಂಗ ನಿಭಾಯಿಸಿದೆ: ನನ್ನ ಅನುಭವ

2024ರ ಜನವರಿದಾಗ ಎಳ್ಳ ಅಮಾಸಿಗೆ ಎಲ್ಲಾರೂ ಹೊಲಕ್ಕ ಹೋಗಿ ನೈವೇದ್ಯದ ಚರಗ ಚೆಲ್ಲಿ ಬಂದಿದ್ವಿ, ಭಜ್ಜಿ ರೊಟ್ಟಿ ಉಂಡು ಅಪ್ಪ ಅಲ್ಲೇ ಬೇವಿನ ಗಿಡದ ನೆಳ್ಳಾಗ ಮಲ್ಕೊಂಡಿದ್ದ. ಅದಾಗಿ ಎಂಟನೇ ದಿನಕ್ಕ ಎದಿನೋವು ಅಂದ, ಊರಿಂದ ಕಲಬುರಗಿ ದವಾಖಾನಿಗೆ ತಂದ್ವಿ, ರಾತ್ರಿನೇ ಹೋಗಿಬಿಟ್ಟ. 54 ವಯಸ್ಸು ಅಷ್ಟೇ. ನಮ್ಮೂರು ಚಿಂಚೋಳಿ ಕಡೆ, ಐದು ಎಕರೆ ತೊಗರಿ ಹೊಲ, ಮನ್ಯಾಗ ಅವ್ವ, ನಾನು, ಡಿಪ್ಲೊಮಾ ಓದೋ ತಮ್ಮ. ನಾ ಕಲಬುರಗಿಯ ಕಪನೂರದಾಗ ಒಂದು ದಾಲ್ ಮಿಲ್‌ನ್ಯಾಗ ಅಕೌಂಟ್ಸ್ ನೋಡ್ತೀನಿ.

ಮೊದಲಿಗೆ ನಾ ಮಾಡಿದ ತಪ್ಪು ಹೇಳ್ತೀನಿ. ಮಣ್ಣು ಮಾಡಿ ಆರನೇ ದಿನಕ್ಕ ಎತ್ತು ಮಾರಿದ್ವಿ. ನಾನು ತಮ್ಮ ಇಬ್ರೂ ಊರಾಗ ಇರಲ್ಲ, ಅವ್ವ ಒಬ್ಬಾಕಿ ಹೆಂಗ ಜ್ವಾಪಾನ ಮಾಡ್ತಾಳ ಅಂತ ಎಲ್ಲಾರೂ ಹೇಳಿದ್ರು, ನಂಗೂ ಖರೇ ಅನ್ಸಿತು, 62,000ಕ್ಕ ಜೋಡಿ ಕೊಟ್ಟು ಕಳಿಸಿದ್ವಿ. ಮರುದಿನ ನಸುಕಿನ್ಯಾಗ ನಂಗ ಎಚ್ಚರ ಆತು, ಅವ್ವ ಹಾಸಿಗ್ಯಾಗ ಇರಲಿಲ್ಲ, ಹೊರಗ ಬಂದು ನೋಡಿದ್ರ ಕೊಟ್ಟಿಗ್ಯಾಗ ಕತ್ತಲಿನ್ಯಾಗ ಎರಡು ಕೈ ತುಂಬ ಕಣಿಕಿ ಹಿಡ್ಕೊಂಡು ಖಾಲಿ ಗ್ವಾದಲಿ ಮುಂದ ನಿಂತಾಳ. ಹಾಕೂ ಇಲ್ಲ, ಇಡೂ ಇಲ್ಲ. ನಾಲ್ಕೈದು ದಿನ ಹಂಗೇ ಎದ್ದು ಹೋದಳು. ರೇಟ್ ಕಮ್ಮಿ ಬಂತು ಅಂತಲ್ಲ ನನ್ನ ಸಂಕಟ. ಅವ್ವನ ದಿನ ಶುರು ಆಗ್ತಿದ್ದದ್ದೇ ಆ ಎತ್ತಿನಿಂದ, ಅಪ್ಪನ ಜೊತಿ ಅದನ್ನೂ ತೆಗೆದುಬಿಟ್ಟೆ, ಆಕಿಗೆ ಒಂದು ಮಾತು ಸರಿಯಾಗಿ ಕೇಳಲಿಲ್ಲ.

ಆಮ್ಯಾಲ ಒಂದು ನೋಟ್‌ಬುಕ್ ತಗೊಂಡೆ. ಇಷ್ಟರೊಳಗ ಆಗಬೇಕು ಅಂತ ತಾರೀಖು ಇರೋ ಕೆಲಸ ಅಷ್ಟೇ ಈಗ ಮಾಡೋದು, ತಾರೀಖು ಇಲ್ಲದ್ದು ಯಾರು ಎಷ್ಟು ಅವಸರ ಮಾಡಿದ್ರೂ ಮುಂದಿನ ಎಳ್ಳ ಅಮಾಸಿ ತನಕ ಮುಟ್ಟಬಾರದು ಅಂತ ಬರ್ದೆ.

ತಾರೀಖು ಇದ್ದ ಕೆಲಸ ಭಾಳ ಇರಲಿಲ್ಲ ಖರೇ ಅಂದ್ರ. ಮರಣ ಪ್ರಮಾಣ ಪತ್ರ, ಅದು 21 ದಿನದ ಒಳಗ ನೋಂದಣಿ ಆದ್ರ ದಂಡ ಇಲ್ಲ ಓಡಾಟ ಇಲ್ಲ, ದವಾಖಾನಿಯಿಂದನೇ ಹೋಗಿತ್ತು, ನಾ ಹತ್ತು ಕಾಪಿ ತಗೊಂಡೆ, ಹತ್ತೂ ಖರ್ಚಾದ್ವು. ಸೊಸೈಟಿ ಬೆಳೆಸಾಲ 60,000 ಇತ್ತು, ವಾಯಿದೆ ಮಾರ್ಚ್ ಕೊನಿಗೆ, ಬಡ್ಡಿ ಇಲ್ಲದ ಸಾಲ ಅದು, ಆದ್ರ ವಾಯಿದೆ ಮೀರಿದ್ರ ಬಡ್ಡಿ ಬೀಳ್ತದ. ಮನ್ಯಾಗ 11 ಕ್ವಿಂಟಾಲ್ ತೊಗರಿ ಇತ್ತು, 2023 ಬರಗಾಲ ನೋಡ್ರಿ, ಅಷ್ಟೇ ಬಂದಿತ್ತು. ಸರ್ಕಾರದ ಬೆಂಬಲ ಬೆಲೆ ಆಗ ಕ್ವಿಂಟಾಲ್‌ಗೆ 7,000, ಗಂಜ್ ಮಾರ್ಕೆಟ್‌ನ್ಯಾಗ ಅದಕ್ಕಿಂತ ಭಾಳ ಮ್ಯಾಲೇ ನಡದಿತ್ತು, ಎಂಟು ಕ್ವಿಂಟಾಲ್ 9,800ರಂಗ ಕೊಟ್ಟು ಸಾಲ ತೀರಿಸಿದೆ, ಮೂರು ಇಟ್ಕೊಂಡೆ. ಜೂನ್‌ದಾಗ ರೇಟ್ ಇನ್ನೂ ಏರ್ತು, ಕಾಕಾ ಇವತ್ತಿಗೂ ಅದನ್ನ ಹೇಳ್ತಾರ. ನಂಗೇನೂ ಅನ್ಸಲ್ಲ. ಆ ಸಾಲ ತಲಿಮ್ಯಾಲ ಇಟ್ಕೊಂಡು ರೇಟ್ ಕಾಯೋ ಶಕ್ತಿ ಆಗ ನನ್ನಲ್ಲಿ ಇರಲಿಲ್ಲ.

ಅಪ್ಪನ ಪಾಸ್‌ಬುಕ್ ತೆಗೆದು ಒಂದೊಂದು ಸಾಲು ಓದಿದೆ, ಇದನ್ನ ಎಲ್ಲಾರೂ ಮಾಡ್ರಿ. ಮೇ ತಿಂಗಳಾಗ 436 ರೂಪಾಯಿ ಕಟ್ ಆಗಿತ್ತು. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮಾದ ವರ್ಷದ ಕಂತು ಅದು, ವಿಮಾ ಇದ್ದೋರು ಹೋದ್ರ ಮನಿಯವ್ರಿಗೆ 2 ಲಕ್ಷ, 55 ವಯಸ್ಸಿನ ತನಕ ಇರ್ತದ. ಅಪ್ಪ ಯಾವಾಗೋ ಬ್ಯಾಂಕಿನ್ಯಾಗ ಸಹಿ ಹಾಕಿ ಬಂದಿದ್ದ, ಮನ್ಯಾಗ ಯಾರಿಗೂ ಹೇಳಿರಲಿಲ್ಲ. ಅದರ ಕೆಳಗೇ 20 ರೂಪಾಯಿದೂ ಇತ್ತು, ಅದು ಆ್ಯಕ್ಸಿಡೆಂಟ್ ಆದ್ರ ಅಷ್ಟೇ, ನಮಗ ಬರಲ್ಲ. ಬ್ಯಾಂಕಿಗೆ ಅವ್ವನ್ನ ಕರ್ಕೊಂಡು ಹೋಗಿ ಕ್ಲೇಮ್ ಫಾರ್ಮ್ ತುಂಬಿದೆ, ನಾಮಿನಿ ಅವ್ವನೇ ಇದ್ಲು, ಎರಡು ತಿಂಗಳಿಗೆ ಬಂತು. ಎಟಿಎಂ ಕಾರ್ಡು ತಮ್ಮನ ಹತ್ರ ಇತ್ತು, ಪಿನ್ನೂ ಗೊತ್ತಿತ್ತು, ಅಕ್ಕಾ ಖರ್ಚಿಗೆ ತೆಗಿಲೇನು ಅಂದ. ಬ್ಯಾಡ ಅಂದೆ. ಹೋದೋರ ಖಾತಿಯಿಂದ ನಾವ್ ರೊಕ್ಕ ತೆಗದ್ರ ನಾಳೆ ಅದಕ್ಕ ಉತ್ತರ ಕೊಡೋದು ಕಷ್ಟ. ಫೆಬ್ರವರಿ ಕೊನಿಗೆ ಪಿಎಂ ಕಿಸಾನ್ 2,000 ಅಪ್ಪನ ಖಾತಿಗೇ ಬಂತು, ಅದನ್ನೂ ಮುಟ್ಟಲಿಲ್ಲ, ಕೃಷಿ ಇಲಾಖಿಗೆ ಹೋಗಿ ಹಿಂಗಾಗ್ಯಾದ ಅಂತ ಬರ್ದು ಕೊಟ್ಟು ಬಂದೆ. ಅಪ್ಪನ ಸಿಮ್ ಮಾತ್ರ ಚಾಲೂ ಇಟ್ಟಿದ್ದೆ.

ಭಾಳ ನೋವಾಗಿದ್ದು ಕೈಗಡದ ವಿಷಯ. ಒಂಬತ್ತನೇ ದಿನಕ್ಕ ಮೂರು ಜನ ಬಂದ್ರು, ಒಬ್ರು 30,000 ಅಂದ್ರು, ಒಬ್ರು 12,000, ಇನ್ನೊಬ್ರು 8,000. ಅಪ್ಪನ ಡೈರ್‍ಯಾಗ ಕೂಲಿ, ಬೀಜ, ಎಣ್ಣಿ ಹೊಡೆದ ಲೆಕ್ಕ ಎಲ್ಲಾ ಅದಾವ, ಇವುದ್ರಾಗ 12,000 ಒಂದೇ ಬರ್ದಿತ್ತು. ನಾ ಕೊಡಲ್ಲ ಅನ್ನಲಿಲ್ಲ, ಕೊಡ್ತೀನಿ ಅಂತನೂ ಅನ್ನಲಿಲ್ಲ. ಅವರ ಮುಂದೇ ನೋಟ್‌ಬುಕ್ ತೆಗೆದು ಹೆಸರು, ರೊಕ್ಕ, ಯಾವಾಗ ಕೊಟ್ಟಿದ್ರಿ, ಯಾರ ಮುಂದ ಕೊಟ್ಟಿದ್ರಿ ಎಲ್ಲಾ ಬರ್ಕೊಂಡೆ, ಯುಗಾದಿ ಆದ ಮ್ಯಾಲ ಬರ್ರಿ ಅಂದೆ. 30,000 ಅಂದೋರು ತಿರುಗಿ ಬರಲೇ ಇಲ್ಲ. 8,000ದವರು ಬಂದ್ರು, ಅಪ್ಪನ ಜೊತಿ ಸಾಲ್ಯಾಗ ಕಲ್ತೋರು, ಕಟ್ಟಿಮ್ಯಾಲ ಕುಂತು, "ತಂಗಿ, ಬರ್ದಿಲ್ಲಂದ್ರ ಬಿಡು, ನಾ ರೊಕ್ಕಕ್ಕಲ್ಲ ಬಂದಿದ್ದು, ಮನಿ ಕಡೆ ಬಂದಂಗ ಆತು" ಅಂದ್ರು. ಅವ್ವ ಒಳಗಿಂದ, "ನಿನ್ನ ಫೀಸಿಗೆ ತಂದಿದ್ದ, ನಂಗ್ ಗೊತ್ತದ, ಕೊಡು" ಅಂದ್ಲು. ಅವತ್ತೇ ಕೊಟ್ಟೆ. ನನ್ನ ಫೀಸು ಅದು, ಅಪ್ಪ ನಂಗ ಎಂದೂ ಹೇಳಿರಲಿಲ್ಲ.

ಇನ್ನ ನನ್ನ ನೌಕರಿ ವಿಷಯ. ಹೈದರಾಬಾದ್‌ದಾಗ ಒಂದು ಕಂಪನಿ ಆಫರ್ ಬಂದಿತ್ತು, ತಿಂಗಳಿಗೆ 8,000 ಹೆಚ್ಚು, ಫೆಬ್ರವರಿ 1ಕ್ಕ ಜಾಯಿನಿಂಗ್. ಅಪ್ಪ ಹೋಗು ಅಂದಿದ್ದ. ಎರಡು ತಿಂಗಳು ಟೈಮ್ ಕೇಳಿದೆ, 15 ದಿನ ಕೊಟ್ರು. ರೂಂ ಬಾಡಿಗಿ ಊಟ ತೆಗೆದ್ರ ಕೈಯಾಗ ಉಳಿಯೋದು ಏನಿಲ್ಲ ಅಂತ ಲೆಕ್ಕ ಹಾಕಿದೆ, ಆದ್ರ ಆ ಲೆಕ್ಕದ ಮ್ಯಾಲ ನಂಗೇ ಭರವಸಿ ಇರಲಿಲ್ಲ. ಯಾಕಂದ್ರ ಆಗಷ್ಟೇ ಮಿಲ್‌ನ್ಯಾಗ 1,84,000ದ ಬಿಲ್ 18,40,000 ಅಂತ ಎಂಟ್ರಿ ಹೊಡೆದಿದ್ದೆ, ಏಳು ವರ್ಷದಾಗ ಹಂಗ ಮಾಡಿದಾಕಿ ಅಲ್ಲ ನಾನು. ಸಾವ್ಕಾರ್ರಿಗೆ ನಾನೇ ಹೋಗಿ ಹೇಳಿದೆ, "ಸರ, ಒಂದು ತಿಂಗಳು ನನ್ನ ಎಂಟ್ರಿ ಇನ್ನೊಬ್ರು ನೋಡ್ಲಿ" ಅಂತ. ಅವ್ರು ಬೈಲಿಲ್ಲ. ಬಿಲ್‌ನ್ಯಾಗ ಒಂದು ಸೊನ್ನಿ ನೋಡಾಕ ಆಗದಾಕಿ ಊರು ಬಿಡೋ ನಿರ್ಧಾರ ಹೆಂಗ ಮಾಡ್ಲಿ. ಬರಲ್ಲ ಅಂತ ಮೇಲ್ ಹಾಕಿದೆ. ಅದು ಸರಿನೋ ತಪ್ಪೋ ಇನ್ನೂ ಗೊತ್ತಿಲ್ಲ, ಆದ್ರ ತಿಂಗಳಾ 20ಕ್ಕ ಜಿಎಸ್‌ಟಿ ರಿಟರ್ನ್ ಹಾಕ್ಬೇಕು ಅನ್ನೋ ಗೊತ್ತಿರೋ ಕೆಲಸ ನನ್ನನ್ನ ಹಿಡಿದು ನಿಲ್ಲಿಸ್ತು.

ಹೊಲ ಪಾಲಿಗೆ ಕೊಟ್ವಿ, ಒಂದೇ ವರ್ಷಕ್ಕ ಅಂತ ಹೇಳಿ. ವಂಶಾವಳಿ ತೆಗೆಸಿ, ಹೋದೋರ ಹೊಲ ವಾರಸದಾರರ ಹೆಸರಿಗೆ ಮಾಡೋ ಫೌತಿ ಖಾತಿಗೆ ಅರ್ಜಿ ಹಾಕುವಾಗ ಕಾಕಾ, "ಹುಡುಗನ ಹೆಸರಿಗಷ್ಟೇ ಮಾಡಿಸು ತಂಗಿ, ನೀ ನಾಳೆ ಮದಿವ್ಯಾಗಿ ಹೋಗಾಕಿ, ಒಂದು ಸಹಿ ಹಾಕಿಬಿಡು" ಅಂದ್ರು. ಅವ್ವಂದು, ನಂದು, ತಮ್ಮಂದು ಮೂರೂ ಹೆಸರು ಹಾಕಿಸಿದೆ. ನಾ ತಮ್ಮಗ ಬಿಟ್ಟು ಕೊಡಬಹುದು, ಕೊಡದೂ ಇರಬಹುದು, ಆದ್ರ ಅಳು ನಿಲ್ಲದ ಟೈಮಿನ್ಯಾಗ ಸಹಿ ಹಾಕಲ್ಲ ಅಂದೆ. ಅವ್ರಿಗೆ ಸಿಟ್ಟು ಬಂತು, ಈಗ ಮಾತಾಡ್ತಾರ.

ವಿಮಾ ರೊಕ್ಕಕ್ಕ ಎಲ್ಲಾರ ಹತ್ರ ಒಂದೊಂದು ಸಲಹಾ ಇತ್ತು, ಬಂಗಾರ ಅಂದ್ರು, ಮನಿಗೆ ಆರ್‌ಸಿಸಿ ಚಾವಣಿ ಹಾಕ್ರಿ ಅಂದ್ರು. ಅವ್ವನ ಹೆಸರಿಲೇ ಎಫ್‌ಡಿ ಮಾಡಿಸಿದೆ, ಒಂದೇ ಎಫ್‌ಡಿ ಅಲ್ಲ, 50,000ದ್ದು ನಾಲ್ಕು, ಯಾವಾಗರ ಒಂದು ಮುರಿಯೋದು ಬಂದ್ರ ಉಳಿದದ್ದು ಹಂಗೇ ಇರ್ಲಿ ಅಂತ.

ವರ್ಷದ ಮ್ಯಾಲ ಒಂದು ಶನಿವಾರ ರಾತ್ರಿ ಊರಿಗೆ ಹೋದೆ. ಮನಿ ಹತ್ರ ಬರ್ತಿದ್ದಂಗ ಕೊಟ್ಟಿಗ್ಯಾಗ ಗಂಟಿ ಸಪ್ಪಳ. ಅವ್ವ ಒಂದು ಎಫ್‌ಡಿ ಮುರಿದು ಆಕಳು ತಂದಿದ್ಲು, ಕೆಂದು ಬಣ್ಣದ್ದು, ನಂಗ ಫೋನ್ ಸುದ್ದಾ ಮಾಡಿರಲಿಲ್ಲ. "ಎಷ್ಟು ಕೊಟ್ಟಿ" ಅಂದೆ. "ನನ್ನ ರೊಕ್ಕ, ನಿಂಗ್ಯಾಕ" ಅಂದು ಗ್ವಾದಲಿಗೆ ಕಣಿಕಿ ಹಾಕ್ಕೋತ ನಿಂತಳು.