ಹಿತ್ತಲಲ್ಲಿ ಬ್ರಸೆಲ್ಸ್ ಸ್ಪ್ರೌಟ್ಸ್: ಚಳಿಯಿಂದ ಹಿಂದಕ್ಕೆ ಎಣಿಸಿ ಬೀಜ ಹಾಕಿ

ಬ್ರಸೆಲ್ಸ್ ಸ್ಪ್ರೌಟ್ಸ್ ಎಲೆಕೋಸಿನ ಬಳಗದ್ದೇ. ಒಂದು ದಪ್ಪ ಕಾಂಡ, ಪ್ರತಿ ಎಲೆಯ ಬುಡದಲ್ಲೂ ನಿಂಬೆಹಣ್ಣಿಗಿಂತ ಚಿಕ್ಕದೊಂದು ಕೋಸು. ಚಿಕ್ಕಬಳ್ಳಾಪುರದ ಸಂತೆಗೆ ಒಯ್ದರೆ ಯಾರೂ ಕೊಳ್ಳಲಿಕ್ಕಿಲ್ಲ, ಹಾಗಾಗಿ ಮೊದಲ ಸಲ ಇಪ್ಪತ್ತು ಗಿಡ ಸಾಕು.

ನಾನು ಮೊದಲ ವರ್ಷ ಡಿಸೆಂಬರಲ್ಲಿ ಬೀಜ ಹಾಕಿದ್ದೆ. ಗಿಡವೇನೋ ಸೊಗಸಾಗಿ ಬಂತು, ಆದರೆ ಕೋಸು ಕಟ್ಟುವ ಹೊತ್ತಿಗೆ ಮಾರ್ಚ್ ಬಿಸಿಲು ಬಿದ್ದು ಒಂದೂ ಗಟ್ಟಿಯಾಗದೆ ಎಲ್ಲ ಬಿಚ್ಚಿಕೊಂಡು ನಿಂತವು. ಹಸು ತಿಂದಿತು, ಅಷ್ಟೇ. ಇದಕ್ಕೆ 15ರಿಂದ 18 ಡಿಗ್ರಿ ಹಿತ. ನಂದಿಬೆಟ್ಟ 1,478 ಮೀಟರ್ ಎತ್ತರ ಇರಬಹುದು, ನಮ್ಮ ಹೊಲ ಇರುವುದು ಕೆಳಗೆ ಅಲ್ವಾ? ನಮಗೆ ಒಳ್ಳೆ ಚಳಿ ಸಿಗುವುದು ಡಿಸೆಂಬರ್, ಜನವರಿಯಲ್ಲಿ. ನಾಟಿಯಿಂದ ಕೊಯ್ಲಿಗೆ 90ರಿಂದ 120 ದಿನ. ಹಿಂದಕ್ಕೆ ಎಣಿಸಿದರೆ ಆಗಸ್ಟ್ ಕೊನೆಗೆ ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಬೀಜ, ನಾಲ್ಕೈದು ವಾರಕ್ಕೆ ನಾಟಿ. ಬೇಗ ಬರುವ ಹೈಬ್ರಿಡ್ ತಳಿಯನ್ನೇ ಕೇಳಿ ತನ್ನಿ.

ಹಿಂದಿನ ಬೆಳೆ ಎಲೆಕೋಸು, ಹೂಕೋಸು, ನವಿಲುಕೋಸು ಆಗಿದ್ದರೆ ಆ ಜಾಗ ಬಿಡಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ, ಸಾಲಿಗೆ ಎರಡಡಿ, ಗಿಡಕ್ಕೆ ಒಂದೂವರೆ ಅಡಿ ಅಂತರ ಕೊಡಿ. ಇನ್ನೊಂದು ಮಾತು, ಮಣ್ಣು ಸಡಿಲವಿದ್ದಷ್ಟೂ ಒಳ್ಳೆಯದು ಅನ್ನುವ ಅಭ್ಯಾಸ ಇಲ್ಲಿ ನಡೆಯೋದಿಲ್ಲ. ಸಸಿ ನೆಟ್ಟು ಬುಡವನ್ನು ಕಾಲಲ್ಲಿ ಒತ್ತಿ, ಒಂದು ಎಲೆ ಹಿಡಿದು ಎಳೆದು ನೋಡಿ. ಎಲೆ ಹರಿಯಬೇಕು, ಸಸಿ ಅಲ್ಲಾಡಬಾರದು. ಬುಡ ಅಲ್ಲಾಡಿದರೆ ಕೋಸು ಗಟ್ಟಿ ಆಗೋದಿಲ್ಲ.

ನೀರು ಹದವಾಗಿ ಕೊಡಿ, ತಿಂಗಳಿಗೊಮ್ಮೆ ಮೇಲುಗೊಬ್ಬರ.

ಹುಳದ ಕಾಟ ಮಾತ್ರ ಜಾಸ್ತಿ. ಎಲೆ ಜರಡಿ ಮಾಡುವ ವಜ್ರಬೆನ್ನಿನ ಪತಂಗಕ್ಕೆ ಸಾಸಿವೆ ಅಂದರೆ ಪ್ರಾಣ. ಎಲೆಕೋಸಿನ ನಡುವೆ ಸಾಸಿವೆ ಸಾಲು ಹಾಕಿ ಅಂತ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳಿದ ಉಪಾಯ ಇಲ್ಲೂ ನಡೆಯುತ್ತದೆ. ನಾಟಿಗೆ ಹದಿನೈದು ದಿನ ಮೊದಲೇ ಸಾಸಿವೆ ಬಿತ್ತಿ, ಹುಳ ಅದರ ಮೇಲೆ ಸೇರಿದಾಗ ಬೇವಿನ ಎಣ್ಣೆ ಹೊಡೆಯಿರಿ. ಹೇನು ಹತ್ತಿದರೆ ಬೆಳಿಗ್ಗೆ ಪೈಪಿನಿಂದ ಜೋರಾಗಿ ನೀರು ಬಿಡಿ, ಕೋಸಿನ ಒಳಗೆ ಸೇರಿದ ಮೇಲೆ ತೆಗೆಯೋದು ಕಷ್ಟ.

ಕೆಳಗಿನ ಕೋಸುಗಳು ಗೋಲಿಗಿಂತ ಸ್ವಲ್ಪ ದಪ್ಪ ಆದಾಗ ತುದಿಯ ಕುಡಿ ಚಿವುಟಿ. ಹಳದಿ ಎಲೆ ಕಿತ್ತುಹಾಕಿ. ಮೂರ್ನಾಲ್ಕು ವಾರದಲ್ಲಿ ಮೇಲಿನವೂ ತುಂಬಿಕೊಳ್ಳುತ್ತವೆ. ಒತ್ತಿದರೆ ಗಟ್ಟಿಯಾಗಿದ್ದು 3 ಸೆಂಟಿಮೀಟರ್ ಆಸುಪಾಸಿದ್ದರೆ ಕೆಳಗಿನಿಂದ ಶುರು ಮಾಡಿ, ತಿರುಚಿ ಕಿತ್ತುಕೊಳ್ಳಿ. ದೊಡ್ಡದಾಗಲಿ ಅಂತ ಕಾದರೆ ಬಿಚ್ಚಿಕೊಳ್ಳುತ್ತವೆ.

ಸೀಳಿ, ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿ ಪಲ್ಯ ಮಾಡಿ. ಜಾಸ್ತಿ ಬೇಯಿಸಬೇಡಿ, ಮನೆಯೆಲ್ಲ ಗಂಧಕದ ವಾಸನೆ.